ತೆಗೆದ ಹಾಗೆ ತೆಗೆದ ಉಂಗುರ

ನನ್ನ ಹೆಂಡತಿಯ ಮೇಲೆ ನನಗಿರುವ ದೂರು ಒಂದೇ: ಆಕೆ ನನ್ನ ಮಾತನ್ನು ಗಮನವಿಟ್ಟು ಕೇಳುತ್ತಾಳೆ. (ಇದೂ ಒಂದು ದೂರೇ ಎಂದು ಗೆಳೆಯರು ನಗುತ್ತಾರೆ. ಅವರಿಗೇನು ಗೊತ್ತು!)

ನಾವಿಬ್ಬರೂ ಒಂದೇ ಆಸ್ಪತ್ರೆಯ ದಿನಗೂಲಿಗಳು. ಆಕೆ ಒಗೆದ ಹೊದಿಕೆಗಳನ್ನು ಮಡಚುತ್ತಾಳೆ. ನಾನು ಅವನ್ನು ಬ್ಯಾಟರಿ ಗಾಡಿಗೆ ಹೇರಿಕೊಂಡು ವಾರ್ಡುಗಳಿಗೆ ಮುಟ್ಟಿಸುತ್ತೇನೆ. ಒಂದು ದಿನ ಗೋಡೆಯ ಮೇಲೆ ಸೂಚನೆ ಬಂತು: ಗಾಡಿಗಳ ಬ್ಯಾಟರಿ ನೋಡಿಕೊಳ್ಳಲು ದಿನಗೂಲಿಗಳಲ್ಲೇ ಒಬ್ಬರನ್ನು ಖಾಯಂ ಮಾಡುತ್ತಾರಂತೆ. ಖಾಯಂ ಎಂದರೆ ಜ್ವರ ಬಂದ ದಿನ ಮಲಗುವ ಹಕ್ಕು. ಹಿಂದಿನ ತಿಂಗಳು ನಾನು ಗಡಗಡ ನಡುಗುತ್ತಲೇ ಗಾಡಿ ಓಡಿಸಿದ್ದೆ. ಗಾಡಿಯೇ ನಡುಗುತ್ತಿದೆ ಎಂದುಕೊಂಡು ಅದನ್ನು ರಿಪೇರಿಗೆ ಬರೆದರು, ನನ್ನನ್ನು ಬರೆಯಲಿಲ್ಲ.

ಪರೀಕ್ಷೆ ಇಷ್ಟೇ: ವರ್ಕ್‌ಶಾಪಿನ ಮೇಸ್ತ್ರಿಯ ಕಣ್ಣೆದುರು ಆರು ಹಳೆಯ ಬ್ಯಾಟರಿ ಕಳಚಿ, ಕೆಳಗಿನ ತಟ್ಟೆ ತೊಳೆದು, ಆರು ಹೊಸದನ್ನು ಕೂರಿಸಬೇಕು.

ಮನೆಯಲ್ಲಿ ತಾಲೀಮು ಶುರುವಾಯಿತು. ಊಟದ ಮೇಜಿನ ಮೇಲೆ ಆರು ಡಬ್ಬಗಳು: ಸಕ್ಕರೆ, ಉಪ್ಪು, ಟೀ ಪುಡಿ ಇತ್ಯಾದಿ ಮಹಾಬ್ಯಾಟರಿಗಳು. ತಂತಿಯ ಬದಲು ನನ್ನ ಪೈಜಾಮಗಳ ಲಾಡಿ. ಆಕೆಯ ಕೈಯಲ್ಲಿ ನಿಯಮದ ಪುಸ್ತಕ.

"ಮೊದಲು?"

"ಕೀಲಿ ತೆಗೀಬೇಕು. ಕಿಟಕಿ ತೆಗೀಬೇಕು. ಕನ್ನಡಕ, ಕೈಗವಸು. ಮೈಮೇಲಿನ ಲೋಹ ಎಲ್ಲಾ ತೆಗೀಬೇಕು."

"ಸರಿ, ಉಂಗುರ ತೆಗೀರಿ."

ಮದುವೆಯಾಗಿ ನಾಲ್ಕು ವರ್ಷದಲ್ಲಿ ಉಂಗುರ ಇದ್ದಷ್ಟೇ ಇದೆ. ಬೆರಳು ಸಂಸಾರದಲ್ಲಿ ಕೊಬ್ಬಿದೆ. ತೆಗೆಯಬೇಕಾದರೆ ಸೋಪು, ನೀರು, ಅಳು, ಮೂರೂ ಬೇಕು.

"ಈಗ ತೆಗೆದ ಹಾಗೆ ಮಾಡ್ತೀನಿ ಕಣೇ. ಪರೀಕ್ಷೆ ದಿನ ನಿಜವಾಗ್ಲೂ ತೆಗೀತೀನಿ."

"ಬರೀ ಹಾಗೆ ಮಾಡಿದ್ರೆ ಆಯ್ತಾ ರೀ? ಯಾಕೆ ತೆಗೀಬೇಕು ಅಂತ ಗೊತ್ತಾ?"

"ಪುಸ್ತಕದಲ್ಲಿದೆ, ಅದಕ್ಕೆ."

"ಸ್ಪ್ಯಾನರಿಗೂ ಬ್ಯಾಟರಿ ತುದಿಗೂ ಮಧ್ಯೆ ಉಂಗುರ ಸಿಕ್ಕಿಕೊಂಡ್ರೆ ಕರೆಂಟೆಲ್ಲಾ ಅದರಲ್ಲೇ ಹರಿದು ಕೆಂಡ ಆಗುತ್ತಂತೆ. ಬೆರಳೇ ಹೋಗುತ್ತೆ." ಸ್ವಲ್ಪ ಹೊತ್ತು ನನ್ನ ಬೆರಳನ್ನೇ ನೋಡಿದಳು. ಆಮೇಲೆ ಪುಟ ಮಗುಚಿ ಮುಂದಿನ ಪ್ರಶ್ನೆ ಕೇಳಿದಳು.

ಹತ್ತು ದಿನ ಹೀಗೆ ನಡೆಯಿತು. ದಿನವೂ ಬೆರಳಿನಿಂದ ಗಾಳಿಯನ್ನು ಕಳಚಿ ಜೇಬಿಗೆ ಹಾಕಿಕೊಂಡು, ಮೈನಸ್ ತಂತಿ ಮೊದಲು ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಿಂದ ಉಪ್ಪಿನ ಡಬ್ಬದ ಆಸಿಡ್ ತೊಳೆದು, ಮೈನಸ್ ತಂತಿಯನ್ನು ಕೊನೆಗೆ ಕಟ್ಟುತ್ತಿದ್ದೆ. ಆಮೇಲಾಮೇಲೆ ನನ್ನ ಕೈಚಳಕ ನೋಡಿ ನನಗೇ ಚಪ್ಪಾಳೆ ತಟ್ಟಬೇಕೆನಿಸುತ್ತಿತ್ತು.

ಪರೀಕ್ಷೆಯ ದಿನ ಮೇಸ್ತ್ರಿ ಕೈಕಟ್ಟಿ ನಿಂತರು. ನಾನು ಪುರೋಹಿತನಂತೆ ಹೇಳುತ್ತಾ ಹೋದೆ. "ಕೀಲಿ ತೆಗೆದೆ. ಕಿಟಕಿ ತೆಗೆದೆ. ಉಂಗುರ ತೆಗೆದೆ." ನಯವಾಗಿ ಬೆರಳೆಳೆದೆ, ಜೇಬಿಗೆ ಹಾಕಿದೆ, ಜೇಬನ್ನು ಮೇಲಿಂದ ತಟ್ಟಿಯೂ ಬಿಟ್ಟೆ. ಕೈಗವಸು ಹಾಕಲು ಹೊರಟಾಗ ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದರು.

"ಏನಪ್ಪಾ ತೆಗೆದೆ?"

"ಉಂಗುರ ಸಾರ್."

"ಎಲ್ಲಿ, ತೋರಿಸು."

ಜೇಬಿನಿಂದ ಬಸ್ ಟಿಕೆಟ್ ಬಂತು. ಬೆರಳಿನ ಮೇಲೆ ಉಂಗುರ ತಣ್ಣಗೆ ಹೊಳೆಯುತ್ತಿತ್ತು. ಆ ಕ್ಷಣ ನನಗೆ ಭಯವಾದದ್ದು ಮೇಸ್ತ್ರಿಯನ್ನು ಕಂಡಲ್ಲ. ಕಣ್ಣಾರೆ ನೋಡಿಕೊಂಡೇ ನಾನು ಅದನ್ನು ತೆಗೆದಿದ್ದೇನೆಂದು ಮನಸಾರೆ ನಂಬಿದ್ದೆ. ಹತ್ತು ದಿನ ಕಲಿತದ್ದು ಕೆಲಸವನ್ನಲ್ಲ, ಕೆಲಸದ ಅಣಕವನ್ನು.

"ಹೋಗು, ಗಾಡಿ ಓಡಿಸು," ಎಂದರು ಮೇಸ್ತ್ರಿ. ಬೈದಿದ್ದರೆ ಚೆನ್ನಾಗಿತ್ತು.

ಸುದ್ದಿ ನನಗಿಂತ ಮೊದಲೇ ಮಡಚುವ ಕೋಣೆ ಸೇರಿತ್ತು. ಊಟದ ಬಿಡುವಿನಲ್ಲಿ ನಾನು ವರ್ಕ್‌ಶಾಪಿನ ಹಿಂಬಾಗಿಲ ಹೊರಗೆ ಮುಖ ಮುಚ್ಚಿಕೊಂಡು ಕುಳಿತಿದ್ದಾಗ, ಒಳಗೆ ಅವಳ ದನಿ ಕೇಳಿಸಿತು.

"ಅವರದು ತಪ್ಪಿಲ್ಲ ಸಾರ್. ತೆಗೆದ ಹಾಗೆ ಮಾಡ್ತೀನಿ ಅಂದಾಗ ನಾನೇ ಸುಮ್ಮನಾಗಿಬಿಟ್ಟೆ. ಇನ್ನೊಂದು ಅವಕಾಶ ಕೊಡಿ."

"ನೀನು ಹೇಳಿಕೊಟ್ಟಿದ್ದೇನಮ್ಮಾ? ಹಾಗಾದ್ರೆ ಹೇಳು, ಸೋಡಾ ನೀರು ಹಾಕೋ ಮುಂಚೆ ಏನು ನೋಡ್ತೀಯಾ?"

"ಮುಚ್ಚಳ ಎಲ್ಲಾ ಬಿಗಿಯಾಗಿದೆಯಾ ಅಂತ. ಒಳಗೆ ಹೋದ್ರೆ ಬ್ಯಾಟರಿ ಕೆಡುತ್ತೆ."

"ಮೈನಸ್ ಯಾಕೆ ಮೊದಲು ಬಿಚ್ಚಬೇಕು?"

ಅದಕ್ಕೂ ಹೇಳಿದಳು. ಮತ್ತೆ ಇನ್ನೊಂದು, ಮತ್ತೊಂದು. ಗಂಡನಿಗಾಗಿ ವಾದಿಸಲು ಬಂದವಳು ಒಂದೊಂದೇ ಸರಿಯುತ್ತರ ಕೊಟ್ಟು ಗಂಡನ ಕೆಲಸವನ್ನು ಕಸಿಯುತ್ತಿದ್ದುದು ಅವಳಿಗೇ ಗೊತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು. ಒಳಗೆ ನುಗ್ಗಿ ತಡೆಯಬಹುದಿತ್ತು. ಆದರೆ ಜ್ವರ ಬಂದರೆ ಮಲಗುವ ಹಕ್ಕು ಮನೆಯಲ್ಲಿ ಯಾರಿಗೆ ಸಿಕ್ಕರೇನು ಎನಿಸಿತು. (ಪೂರ್ತಿ ಸತ್ಯ ಹೇಳುವುದಾದರೆ, ಕಾಲಿಗೆ ಜೋಮು ಹಿಡಿದಿತ್ತು.)

ಮರುದಿನ ಮೇಸ್ತ್ರಿಯ ಕಣ್ಣೆದುರು ಅವಳು ಬಳೆ, ಓಲೆ ಎಲ್ಲ ಬಿಚ್ಚಿಟ್ಟು ಆರು ಬ್ಯಾಟರಿ ಬದಲಾಯಿಸಿದಳು. ಎತ್ತುವಾಗ ಇನ್ನೊಂದು ಬದಿಯ ಪಟ್ಟಿ ಹಿಡಿದವನು ನಾನೇ.

ಈಗ ಬೆಳಿಗ್ಗೆ ಅವಳ ಸಹಿ ಬೀಳದೆ ಯಾವ ಗಾಡಿಯೂ ಹೊರಡುವಂತಿಲ್ಲ. ನಿನ್ನೆ ನನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಗ್ಗಿ, ಇನ್ನೊಂದು ಪ್ರದಕ್ಷಿಣೆ ಬಂದು, ಪುಸ್ತಕ ಮುಚ್ಚಿದಳು.

"ಒಂದು ತಂತಿ ಸಡಿಲ ಇದೆ. ಬಿಡೋ ಹಾಗಿಲ್ಲ. ಮುಂದಿನವರು ಬನ್ನಿ."

ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು.

"ಲೇ, ನಾನು ಕಣೇ!" ಎಂದೆ ಮೆಲ್ಲಗೆ.

"ಗೊತ್ತು ರೀ," ಎಂದಳು. "ಅದಕ್ಕೇ ಎರಡು ಸಲ ನೋಡಿದ್ದು."