ರಾಶಿಯೊಳಗೆ ಮಾವನ ಕೈ

ನಮ್ಮ ಸೋದರಮಾವನಿಗೆ ಯಾರೂ ಒಳ್ಳೆಯದು ಮಾಡಬಾರದು. ಮಾಡಿದಿರೋ, ಕೆಟ್ಟಿರಿ! ಬೈದವರನ್ನು ಅವರು ಮರುದಿನವೇ ಮರೆಯುತ್ತಾರೆ. ಕರೆದು ಚಹಾ ಕೊಟ್ಟವರ ಮೇಲೆ ಮಾತ್ರ ವರ್ಷಗಟ್ಟಲೆ ಕಣ್ಣಿಟ್ಟಿರುತ್ತಾರೆ. ಆ ಚಹಾವನ್ನೂ ಮೂಸಿ ನೋಡದೆ ಕುಡಿಯುವವರಲ್ಲ.

ತಪ್ಪು ಅವರದಲ್ಲ, ಕಸುಬಿನದು. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಸೇಠರೊಬ್ಬರ ಪರವಾಗಿ ಮಾಲು ನೋಡುವುದು ಅವರ ಕೆಲಸ. ರಾಶಿಯ ಮೇಲೆ ಮಲ್ಲಿಗೆಯಂಥ ಹತ್ತಿ ಇರುತ್ತದೆ. ಮಾವ ಅದರತ್ತ ನೋಡುವುದೂ ಇಲ್ಲ. ಅಂಗಿಯ ತೋಳು ಮಡಚಿ, ಬಲಗೈಯನ್ನು ಭುಜದವರೆಗೆ ಒಳಗೆ ತೂರಿಸಿ, ತಳದಿಂದ ಒಂದು ಹಿಡಿ ಎಳೆದು ಮೂಸುತ್ತಾರೆ. ಒಳಗೆ ಹಸಿ ಹತ್ತಿ ಇದ್ದರೆ ಸಿಕ್ಕಿಬಿತ್ತು. ಮೂವತ್ತು ವರ್ಷ ಹೀಗೆ ಕೈ ಹಾಕಿದ ಮನುಷ್ಯ, ಸಂಜೆ ಮನೆಗೆ ಬರುವಾಗ ಆ ಕೈಯನ್ನು ಮಾರುಕಟ್ಟೆಯಲ್ಲೇ ಬಿಟ್ಟು ಬರಲಾದೀತೇ?

ಒಮ್ಮೆ ಆಸ್ಪರಿ ಬಸ್ಸಿನಲ್ಲಿ ಹುಡುಗಿಯೊಬ್ಬಳು ಎದ್ದು, "ಕುಂದರ್‍ರಿ ತಾತಾ" ಅಂದಳು.

"ಯಾಕ? ಆ ಸೀಟಿಗೆ ಏನಾಗೈತಿ?" ಅಂದರು ಮಾವ.

ಸೀಟನ್ನು ಒತ್ತಿ ನೋಡಿದರು, ಬಗ್ಗಿ ಕೆಳಗೆ ನೋಡಿದರು, ಕೊನೆಗೆ ನನ್ನನ್ನು ಕೂರಿಸಿ ತಾವು ಆಸ್ಪರಿಯವರೆಗೂ ನಿಂತೇ ಬಂದರು. ಇಳಿದ ಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿನಗ ಹೆಂಗ ಏನೂ ಆಗಲಿಲ್ಲ?" ಎಂದು ನನ್ನ ಮೇಲೇ ಅನುಮಾನ ಪಟ್ಟರು!

ಇನ್ನೊಂದು ಸಲ, ಪಕ್ಕದ ಮನೆಗೆ ಹೊಸದಾಗಿ ಬಂದವರು ಒಂದು ದೊಡ್ಡ ಬಟ್ಟಲು ಮಂಡಕ್ಕಿ ಒಗ್ಗಾಣಿ ಕಳಿಸಿದರು. ಮಾವ ತಳದವರೆಗೆ ಬೆರಳಾಡಿಸಿ, "ಮೆಣಸಿನಕಾಯಿ ಬಜ್ಜಿ ಬ್ಯಾರೆ ಇಟ್ಟಾರ. ಇದರಾಗ ಏನೋ ಐತಿ" ಅಂದರು. ಅತ್ತೆ ಹಣೆ ಚಚ್ಚಿಕೊಂಡು ಎಲ್ಲವನ್ನೂ ತಾವೇ ತಿಂದರು. ಆ ಮನೆಯವರು ಏನು ಕೇಳಲು ಬರುತ್ತಾರೋ ಎಂದು ಮಾವ ನಾಲ್ಕು ದಿನ ಕಾದರು. ಯಾರೂ ಬರಲಿಲ್ಲ. ಐದನೆಯ ದಿನ ತಡೆಯಲಾರದೆ ತಾವೇ ಹೋದರು.

"ನಿಮಗ ಏನು ಬೇಕಿತ್ತು, ಹೇಳಿಬಿಡ್ರಿ ಯಮ್ಮಾ!"

ಆಕೆ ನಾಚಿಕೊಂಡು, "ಬಟ್ಟಲ ಬೇಕಿತ್ರಿ" ಅಂದಳು.

ಮಾವ ಗೆದ್ದವರಂತೆ ಮನೆಗೆ ಬಂದರು. "ನಾ ಹೇಳಿದ್ದಿಲ್ಲೇನು? ಏನೋ ಬೇಕಿತ್ತು ನೋಡು!"

ಹೋದ ಹಂಗಾಮಿನಲ್ಲಿ ಗಂಡಾಂತರ ಬಂದದ್ದು ಆ ಬಲಗೈಗೇ. ಎತ್ತರದ ರಾಶಿಯೊಂದಕ್ಕೆ ಕೈ ತೂರಿಸಲು ಹೋಗಿ, ಕಾಲು ಜಾರಿ ಕಟ್ಟೆಯಿಂದ ಬಿದ್ದರು. ಸುದ್ದಿ ನನಗೆ ತಲುಪಿದ್ದೇ ತಡವಾಗಿ. ಮಧ್ಯಾಹ್ನ ನಾನು ದವಾಖಾನೆಗೆ ಓಡಿದಾಗ ಕೈಗೆ ಪ್ಲಾಸ್ಟರ್ ಆಗಿತ್ತು. ಪಕ್ಕದಲ್ಲಿ ರುಮಾಲು ಸುತ್ತಿದ ರೈತನೊಬ್ಬ, ಕಳೆದುಹೋದಾವೆಂದು ಮಾವನ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಹೆಸರು ಈರಣ್ಣ, ಊರು ಚಿಪ್ಪಗಿರಿ ಕಡೆ. ಎತ್ತಿ, ಆಟೋದಲ್ಲಿ ಕರೆತಂದವನು ಅವನೇ.

ಮಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಲೇ, ಮುಂಜಾನಿಂದ ಕುಂತಾನ. ಹೋಗು ಅಂದ್ರ ಹೋಗವಲ್ಲ. ಏನು ಬೇಕಂತ ಕೇಳು!"

ಸುಳ್ಳು ಯಾಕೆ ಹೇಳಲಿ, ನನಗೂ ಅನುಮಾನವೇ. ಮಾಲು ನೋಡುವವರಿಗೆ ರೈತ ಸುಮ್ಮಸುಮ್ಮನೆ ಸೇವೆ ಮಾಡುತ್ತಾನೆಯೇ? "ಮಾವ ನಿಮಗ ಗೊತ್ತಿದ್ದವರೇನು?" ಎಂದು ಕೇಳಿದೆ.

"ಇಲ್ರಿ. ಯಾರೋ ಪೆದ್ದಾಯನ, ವಯಸ್ಸಾದವರು ಬಿದ್ರು, ಎತ್ತಿದೆ. ಒಬ್ಬರನ್ನ ಹೆಂಗ ಬಿಟ್ಟು ಹೋಗಲಿ? ಮನೆಯವರು ಬರಲಿ ಅಂತ ಕುಂತೀನಿ."

"ನಿಮ್ಮ ಕೆಲಸ?"

"ಹತ್ತಿ ತಂದಿದ್ದೆ. ರೇಟು ಕೂಗೋ ಇವತ್ತಿನ ಟೆಂಡರ್ ಮುಗದಿರತೈತಿ. ನಾಳೆ ಐತಲ್ರಿ."

ಹೊರಗೆ ಮೋಡ ಕವಿದಿತ್ತು. ಬಯಲಲ್ಲಿದ್ದ ರಾಶಿಗೆ ಒಂದು ಮಳೆ ಬಿದ್ದರೂ ಅವನ ವರ್ಷದ ಬೆಳೆ ಹಾಳು. ಅದು ಮಾವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈರಣ್ಣ ಚಪ್ಪಲಿ ನನ್ನ ಕೈಗೆ ಕೊಟ್ಟು ಹೋದ ಮೇಲೆ ಮಾವ, "ನಾಳೆ ನನ್ನ ಹೆಸರು ಹೇಳ್ಕೊಂಡು ರೇಟು ಕೇಳ್ತಾನ ನೋಡು" ಅಂದರು. ಆದರೆ ಧ್ವನಿಯಲ್ಲಿ ಎಂದಿನ ಜೋರಿರಲಿಲ್ಲ.

ಪುಣ್ಯಕ್ಕೆ ಮಳೆ ಬರಲಿಲ್ಲ. ಮರುದಿನ ಬೆಳಿಗ್ಗೆ, ಬೇಡವೆಂದರೂ ಕೇಳದೆ, ಕೊರಳಿಗೆ ಜೋಲಿ ಕಟ್ಟಿದ ಕೈಯೊಂದಿಗೆ ಮಾವ ಮಾರುಕಟ್ಟೆಗೆ ಹೊರಟರು. ಕಳ್ಳನನ್ನು ಹಿಡಿಯಬೇಕಲ್ಲ! ಸಾಲಿನ ಕೊನೆಯಲ್ಲಿ ಈರಣ್ಣ ತನ್ನ ರಾಶಿಯ ಪಕ್ಕ ನಿಂತಿದ್ದ. ಮಾವನನ್ನು ಕಂಡು, "ಕೈ ಹೆಂಗೈತ್ರಿ?" ಎಂದು ಓಡಿಬಂದ. ಮಾವ ಅಭ್ಯಾಸಬಲದಿಂದ ಎಡಗೈಯನ್ನೇ ರಾಶಿಯತ್ತ ಚಾಚಿದರು. ಈರಣ್ಣನ ಮುಖ ಬಿಳಿಚಿತು.

"ಅಯ್ಯೋ, ಮಾಲು ನೋಡವ್ರು ನೀವೇನು? ನೀವು ನೋಡಬ್ಯಾಡ್ರಿ! ರೇಟಿಗಾಗಿ ಸೇವಾ ಮಾಡಿದ ಅಂತಾರ ಮಂದಿ. ಬ್ಯಾರೆಯವರನ್ನ ಕಳಸ್ರಿ, ಕೈ ಮುಗಿತೀನಿ."

ಚಾಚಿದ ಕೈ ಅಲ್ಲೇ ನಿಂತಿತು. ಮೂವತ್ತು ವರ್ಷದಲ್ಲಿ ಆ ಕೈ ಹಾಗೆ ನಿಂತದ್ದನ್ನು ಯಾರೂ ಕಂಡಿರಲಾರರು. ಮಾವ ಅದನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನೊಬ್ಬ ಸೇಠರ ಕಡೆಯವರನ್ನು ಕೂಗಿ ಕರೆದು, ಅವರು ಕೈ ಹಾಕಿ ನೋಡುವಾಗ ರಾಶಿಗೆ ಬೆನ್ನು ಮಾಡಿ ಕುಳಿತರು. ಆಮೇಲೆ, ಹುಟ್ಟಿದಾಗಿನಿಂದ ಯಾರನ್ನೂ ಕೇಳದ ಒಂದು ಮಾತು ಕೇಳಿದರು.

"ಈರಣ್ಣ, ಒಂದು ಚಹಾ ಕುಡಿಸ್ತೀಯೇನಪ್ಪ?"

ಚಹಾ ಬಂದಾಗ ಎಡಗೈಯಲ್ಲಿ ಹಿಡಿಯಲಾರದೆ ಮಾವ ತುಳುಕಿಸಿದರು. ಈರಣ್ಣ ಸಾಸರಿಗೆ ಬಗ್ಗಿಸಿ, ಆರಿಸಿ, ತಾನೇ ಬಾಯಿಗೆ ಹಿಡಿದ. ನನಗೆ ಅಳು ತಡೆಯಲಾಗಲಿಲ್ಲ. ಮಾವ ಗಟಗಟ ಕುಡಿದರು, ಮೂಸಲಿಲ್ಲ.