ಸೌನಾ ಕಂಡ ಸೈಕಲ್ಲು

ಕಾಲೆವಿಯ ಕಾರು ಕೈಬಿಟ್ಟು ಹೋದದ್ದು ಒಂದೇ ಒಂದು ಮಾತಿನಿಂದ. ಶನಿವಾರ ಕಟ್ಟಡದವರೆಲ್ಲ ಸಭೆ ಸೇರಿ ಕಾಫಿ ಕುಡಿಯುತ್ತಿದ್ದಾಗ ಮೇಲ್ಮಹಡಿಯ ಆರ್ವೊ ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಕಾಲೆವಿ ಬೇಸಿಗೆ ಸೈಕಲ್ಲಿನವನಪ್ಪ! ಹಿಮ ಬಿತ್ತು ಅಂದ್ರೆ ಕಾರೊಳಗೆ ಹೊಕ್ಕೊಂಡ್ಬಿಡ್ತಾನೆ" ಅಂದುಬಿಟ್ಟ. ವರ್ಷದಲ್ಲಿ ಅರ್ಧ ಹಿಮ ಹೊದ್ದಿರುವ ಈ ಔಲು ಊರಿನಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಇಲ್ಲಿ ಶಾಲೆ ಮಕ್ಕಳೂ ಹಿಮದ ಮೇಲೆ ಸೈಕಲ್ ತುಳಿಯುತ್ತವೆ. ಕೆಳಮನೆಯ ಸೈಮಿ ಅಜ್ಜಿ ಎಂಬತ್ತು ದಾಟಿದರೂ ಚಳಿಗಾಲವಿಡೀ ಗಂಟೆ ಬಾರಿಸಿಕೊಂಡು ಊರು ಸುತ್ತುತ್ತಾಳೆ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಇನ್ನೊಂದು ಬನ್ನು ತಿನ್ನುತ್ತಿದ್ದರು. ಕಾಲೆವಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಎದೆಯುಬ್ಬಿಸಿ ಎದ್ದು ನಿಂತು, "ಅಂಗಳದಲ್ಲಿರೋ ನನ್ನ ಕಾರಿನ ಜಾಗಾನ ಇವತ್ತೇ ಬಿಟ್ಟೆ! ಯಾರಿಗೆ ಬೇಕಾದ್ರೂ ಕೊಡಿ!" ಎಂದ. ಅದು ಅಂತಿಂಥ ಜಾಗವಲ್ಲ, ಇಂಜಿನ್ ಬೆಚ್ಚಗಿಡುವ ಕರೆಂಟಿನ ಕಂಬ ಇರುವ ಜಾಗ. ಅದಕ್ಕೆ ಜನ ವರ್ಷಗಟ್ಟಲೆ ಸಾಲಿನಲ್ಲಿ ಕಾಯುತ್ತಾರೆ. ಒಮ್ಮೆ ಬಿಟ್ಟವನು ಮತ್ತೆ ಸಾಲಿನ ಕಟ್ಟಕಡೆಗೆ. ಕಂಬವಿಲ್ಲದೆ ಈ ಚಳಿಗೆ ಸ್ಟಾರ್ಟೇ ಆಗದ ಕಾರು ಯಾತಕ್ಕೆ? ಭಾನುವಾರ ಬೆಳಿಗ್ಗೆಯೇ ಭಾವಮೈದುನ ಬಂದು ಅದನ್ನು ಹೊಡೆದುಕೊಂಡು ಹೋದ.

"ನಾಳೆ ಬಣ್ಣದಂಗಡಿ ಬಾಗಿಲು ತೆಗೆಯೋರು ನೀವೇ ತಾನೆ?" ಹೆಂಡತಿ ರೀತ್ತಾ ಸೊಂಟಕ್ಕೆ ಕೈಕೊಟ್ಟು ಕೇಳಿದಳು. "ಬೀಗದಕೈ ನಿಮ್ಮ ಜೇಬಲ್ಲಿದೆ. ಇನ್ನೊಂದ್ಸಲ ತಡ ಆದ್ರೆ ಮನೇಲೇ ಕೂತ್ಕೋ ಅಂದಿದಾರೆ ಅಂಗಡಿ ಯಜಮಾನರು. ಸೈಕಲ್ ನೋಡಿದ್ರೆ ನೆಲಮಾಳಿಗೇಲಿ ತುಕ್ಕು ಹಿಡೀತಿದೆ. ಏನು, ನಿಮ್ಮ ಜಂಬದ ಮೇಲೆ ಕೂತ್ಕೊಂಡು ಹೋಗ್ತೀರಾ?"

ಕಾಲೆವಿ ನೆಲಮಾಳಿಗೆಗಿಳಿದು ಸೈಕಲ್ ಹೊರಗೆಳೆಯುವಷ್ಟರಲ್ಲಿ, ಕರೆಯದೆಯೇ ಆರ್ವೊ ಹಾಜರು. ಕೈಯಲ್ಲಿ ಪಾನಾ, ಹೆಗಲ ಮೇಲೆ ಹಿಮದಲ್ಲಿ ಜಾರದ, ತನ್ನದೇ ಹೆಚ್ಚುವರಿ ಎರಡು ಮೊಳೆ ಟೈರು! ಹಿಂದೆಯೇ ಸೈಮಿ ಅಜ್ಜಿಯೂ ಬಂದು ಮೆಟ್ಟಿಲ ಮೇಲೆ ಕೂತು ಟೈರು ಸಿಕ್ಕಿಸಹೊರಟ ಕಾಲೆವಿಯ ತಪ್ಪು ಹುಡುಕತೊಡಗಿದಳು.

"ಟೈರು ತಿರುಗುಮುರುಗಾಗಿದೆ ಕಣಪ್ಪ."

"ನಂಗೊತ್ತು ಬಿಡಜ್ಜಿ" ಎಂದ ಕಾಲೆವಿ ಟೈರನ್ನು ಜಗ್ಗಿದ. ಮೊಳೆ ಅಂಗೈಗೆ ಚುಚ್ಚಿತು. ಪಂಪು ಹೊಡೆದ. ರಿಮ್ಮಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಟ್ಯೂಬು ಢಂ ಅಂತು. ಕೊನೆಗೆ ಎಲ್ಲವನ್ನೂ ಬಿಚ್ಚಿ, ಬೇರೆ ಟ್ಯೂಬು ಹಾಕಿ ಮತ್ತೆ ಜೋಡಿಸಿದವನು ಆರ್ವೊನೇ. ನಿನ್ನೆ ಮಾನ ಕಳೆದವನಿಗೆ ಇವತ್ತು ಇದೇನು ಅಕ್ಕರೆ ಎಂದು ಎರಡನೇ ಕ್ಲಾಸಿನ ಹುಡುಗನಾದರೂ ಕೇಳುತ್ತಿದ್ದ. ಕಾಲೆವಿ ಕೇಳಲಿಲ್ಲ.

"ನೋಡು ಮಾರಾಯ, ನೀರು ಮಾತ್ರ ಸೋಕಿಸಬೇಡ" ಎಂದ ಆರ್ವೊ. "ಒಣಬಟ್ಟೇಲಿ ಒರೆಸು, ಚೈನಿಗೆ ಎಣ್ಣೆ ಬಿಡು, ಇಲ್ಲೇ ತಣ್ಣಗಿರಲಿ. ನಾಳೆ ಕುದುರೆ ಹಂಗೆ ಓಡತ್ತೆ."

ಆದರೆ ನಾಳೆ ಬೆಳಿಗ್ಗೆ ಕಿಟಕಿ ಕಿಟಕಿಯಲ್ಲೂ ಜನ ನಿಂತು ನೋಡುತ್ತಾರಲ್ಲ! ಈ ಕೊಳಕು ಸೈಕಲ್ ಹತ್ತುವುದೆ? ಸಂಜೆ ಕಟ್ಟಡದವರೆಲ್ಲ ಸರದಿಯಲ್ಲಿ ಬೆವರುವ ಹಬೆಸ್ನಾನದ ಕೋಣೆ, ಸೌನಾದಲ್ಲಿ ಕಾಲೆವಿಯ ಸರದಿ ಇತ್ತು. ನಮ್ಮ ಬೃಹಸ್ಪತಿ ಟವೆಲ್ಲಿನ ಜೊತೆಗೆ ಸೈಕಲ್ಲನ್ನೂ ಹೊತ್ತುಕೊಂಡು ಹೋದ. ಬಿಸಿನೀರು ಸುರಿದು, ಸೋಪು ಹಚ್ಚಿ, ಚಕ್ರದ ನಡುವಿನ ಗುಂಬದೊಳಕ್ಕೂ ನೀರು ಹೊಡೆದು ತಿಕ್ಕಿದ. ಒಣಗಲಿ ಎಂದು ಸೌನಾದ ಮೇಲಿನ ಹಲಗೆಯ ಮೇಲೆ ಬೀಗರನ್ನು ಕೂರಿಸುವಂತೆ ಕೂರಿಸಿದ. ಮೊಳೆಗಳು ಹಲಗೆಯನ್ನು ಉದ್ದಕ್ಕೂ ಗೀರಿದವು. ಅದೂ ಕಾಣಲಿಲ್ಲ ಅವನಿಗೆ, ಒಲೆಯ ಕಾದ ಕಲ್ಲಿನ ಮೇಲೆ ನೀರೆರಚಿ ಸೈಕಲ್ಲಿನ ಪಕ್ಕದಲ್ಲೇ ಹಾಯಾಗಿ ಬೆವರುತ್ತ ಕೂತ.

ಮುಂದಿನ ಸರದಿ ಸೈಮಿ ಅಜ್ಜಿಯದು. ಹೊತ್ತು ಮೀರಿದ್ದನ್ನು ಕಂಡು ಬಾಗಿಲು ತಳ್ಳಿದವಳು ಅಲ್ಲೇ ನಿಂತಳು.

"ನನ್ನ ಜಾಗದಲ್ಲಿ ಯಾರಪ್ಪ ಅದು ಕೂತಿರೋದು?"

"ಒಣಗ್ತಾ ಇದೆ ಅಜ್ಜಿ, ಐದೇ ನಿಮಿಷ..."

"ಅಯ್ಯೋ ಮುಠ್ಠಾಳ! ನಮ್ಮಪ್ಪ ಹುಟ್ಟಿದ್ದು ಸೌನಾದಲ್ಲಿ, ಸತ್ತಾಗ ಅವನನ್ನ ತೊಳೆದದ್ದೂ ಸೌನಾದಲ್ಲಿ. ಇದಕ್ಕೊಂದು ಮರ್ಯಾದೆ ಬೇಡ್ವೇನೋ? ಎಸಿ ಆಚೆಗೆ!" ಎಂದು ಸೌನಾದಲ್ಲಿ ಮೈಗೆ ಬಡಿದುಕೊಳ್ಳಲು ತಂದಿದ್ದ ಬರ್ಚ್ ಸೊಪ್ಪಿನ ಕಟ್ಟಿನಿಂದ ಬರಿಬೆನ್ನಿಗೆ ಎರಡು ಬಿಟ್ಟಳು. ಕಾಲೆವಿ ಟವೆಲ್ ಸುತ್ತಿಕೊಂಡು, ಹಬೆಯಾಡುವ ಸೈಕಲ್ಲನ್ನು ಹೊತ್ತು ಅಂಗಳಕ್ಕೆ ಓಡಿದ. ಅಲ್ಲಿ ಮೈನಸ್ ಹದಿನೈದು. ಅದನ್ನು ಗೋಡೆಗೆ ಒರಗಿಸಿ, ಹಲ್ಲು ಕಟಕಟಿಸುತ್ತ ಒಳಗೆ ಸೇರಿಕೊಂಡ.

ಬೆಳಿಗ್ಗೆ ಸೈಕಲ್ಲು ಫಳಫಳ ಹೊಳೆಯುತ್ತಿತ್ತು. ಕಾಲೆವಿ ಕಿಟಕಿಗಳತ್ತ ಒಮ್ಮೆ ಕೈಬೀಸಿ ಹತ್ತಿದ, ತುಳಿದ. ಪೆಡಲು ಗಿರಗಿರ ತಿರುಗಿತು, ಸೈಕಲ್ಲು ಕದಲಲಿಲ್ಲ. ಗುಂಬದೊಳಗಿನ ನೀರೆಲ್ಲ ಕಲ್ಲಾಗಿ, ಚಕ್ರವನ್ನು ಕಚ್ಚಿ ತಿರುಗಿಸುವ ಹಲ್ಲುಗಳು ಅದರಲ್ಲಿ ಹೂತುಹೋಗಿದ್ದವು. ಇನ್ನೂ ಜೋರಾಗಿ ತುಳಿದ, ನಿಂತಲ್ಲೇ ಪಕ್ಕಕ್ಕೆ ವಾಲಿ ಹಿಮದ ಗುಡ್ಡೆಯೊಳಗೆ ಮಗುಚಿಕೊಂಡ. ಮೇಲಿನ ಕಿಟಕಿಯಲ್ಲಿ ರೀತ್ತಾ ಪರದೆ ಎಳೆದುಬಿಟ್ಟಳು.

ಹಿಮ ಕೊಡವಿಕೊಂಡು ತಲೆಯೆತ್ತಿದರೆ ಎದುರಿಗೇ ಅವನ ಹಳೆಯ ಕಂಬ. ಅದಕ್ಕೆ ವೈರು ಸಿಕ್ಕಿಸಿಕೊಂಡು ಒಂದು ಕಾರು ಬೆಚ್ಚಗೆ ನಿಂತಿತ್ತು. ಆ ವೈರು ಕಿತ್ತು ಸುತ್ತತೊಡಗಿದವನು ಆರ್ವೊ.

"ನೀನಾ!" ಕಾಲೆವಿ ಅರಚಿದ. "ಮೂವತ್ತು ಚಳಿಗಾಲ ಸೈಕಲ್ ತುಳಿದಿದೀನಿ ಅಂತ ಎದೆ ತಟ್ಕೊಳ್ತಿದ್ದೆಯಲ್ಲೋ!"

"ತುಳಿದೆ, ಸುಳ್ಳಲ್ಲ" ಎಂದ ಆರ್ವೊ ತಣ್ಣಗೆ. "ಕಾರಿದ್ರೂ ಕಂಬ ಸಿಗದೆ ತುಳಿದೆ. ಸಾಲಲ್ಲಿ ಮೊದಲನೆಯವನು ನಾನೇ ಇದ್ದೆ. ನೀನಾಗಿ ಬಿಡೋ ಆಸಾಮಿ ಅಲ್ಲ, ಅದಕ್ಕೇ ಒಂದು ಮಾತು ಅಂದೆ."

ಕಾಲೆವಿಗೆ ಹೊಟ್ಟೆ ಉರಿದುಹೋಯಿತು. ಆದರೆ ಜೇಬಿನ ಬೀಗದಕೈ ಅದಕ್ಕಿಂತ ಹೆಚ್ಚು ಸುಡುತ್ತಿತ್ತು. "ಅಂಗಡಿ ತನಕ ಬಿಡೋ ಮಾರಾಯ" ಎಂದು ಹಲ್ಲುಗಿಂಜಿದ.

"ಛೆ ಛೆ! ಎಲ್ಲಾ ಕಿಟಕಿಯಿಂದ ನೋಡ್ತಿದಾರೆ. ನಿನ್ನ ಮರ್ಯಾದೆ ಏನಾಗ್ಬೇಕು?" ಆರ್ವೊ ಕಾರಿನ ಬಾಗಿಲು ಹಾಕಿಕೊಂಡು ಗಾಜು ಇಳಿಸಿದ. "ನೆಲಮಾಳಿಗೇಲಿ ನನ್ನ ಸೈಕಲ್ ಇದೆ, ತಗೊಂಡ್ಹೋಗು. ಅದು ಖಂಡಿತ ಓಡತ್ತೆ. ಮೂವತ್ತು ವರ್ಷದಲ್ಲಿ ಒಂದ್ಸಲಾನೂ ತೊಳೆದಿಲ್ಲ."