ಬಗ್ಗಿದ ಸೊಂಟ, ಎತ್ತಿದ ಕೈ

ಇವತ್ತು ತೆಪ್ಪಗಿರೋಣ ಅಂತಲೇ ದಿನಾ ಮನೆಯಿಂದ ಹೊರಡುತ್ತೇನೆ. ಮೈಸೂರಿನ ನಮ್ಮ ಬೋಗಾದಿ ದಾಟುವಷ್ಟರಲ್ಲಿ ಏನಾದರೊಂದು ಆಗಿಬಿಡುತ್ತದೆ. ಹೆಂಡತಿ ನಂಬುವುದಿಲ್ಲ, ನೀವಾದರೂ ನಂಬಿ.

೧. ಬಗ್ಗೋ ಪದ್ಧತಿ

ನಮ್ಮ ಸರ್ಕಾರಿ ಕಚೇರಿಯಿಂದ ಸಾಹೇಬರನ್ನೂ ನನ್ನನ್ನೂ ತರಬೇತಿಗೆ ಜಪಾನಿಗೆ ಕಳಿಸಿದ್ದರು. ವಿಮಾನದಲ್ಲಿ ಸಾಹೇಬರು, "ಅಲ್ಲಿ ನಮಸ್ಕಾರ ಹೇಗ್ರೀ?" ಅಂದರು.

"ಸೊಂಟ ಬಗ್ಗಿಸಬೇಕು ಸಾರ್. ಎದುರಿನವರು ನಿಲ್ಲಿಸೋವರೆಗೂ ನಾವು ನಿಲ್ಲಿಸಬಾರದು."

ಮೊದಲರ್ಧ ಯಾರೋ ಹೇಳಿದ್ದು, ಉಳಿದರ್ಧ ನನ್ನ ಸ್ವಂತ ಸಂಶೋಧನೆ.

ಸ್ವಾಗತಕ್ಕೆ ನಿಂತಿದ್ದ ಹಿರಿಯರು ಬಗ್ಗಿದರು. ಸಾಹೇಬರು ಬಗ್ಗಿದರು. ಅತಿಥಿ ಇನ್ನೂ ಬಗ್ಗುತ್ತಿದ್ದಾರಲ್ಲ ಅಂತ ಹಿರಿಯರು ಮತ್ತೆ ಬಗ್ಗಿದರು, ಅವರು ನಿಲ್ಲಿಸಲಿಲ್ಲವಲ್ಲ ಅಂತ ಸಾಹೇಬರೂ. ತಂದಿಟ್ಟ ಟೀ ಆರಿತು. ಕೊನೆಗೆ ಹಿರಿಯರೇ ಸುಸ್ತಾಗಿ ಕುರ್ಚಿ ಹಿಡಿದರು. ಸಾಹೇಬರು ಸೊಂಟ ನೀವಿಕೊಳ್ಳುತ್ತಾ, "ಗೆದ್ದೆ ಕಣ್ರೀ!" ಅಂದರು.

೨. ಸೊರ್ ಅನ್ನೋ ಮರ್ಯಾದೆ

ಅಲ್ಲಿ ಸಾರಿನಲ್ಲಿ ತೇಲುವ ಶ್ಯಾವಿಗೆಯನ್ನು ಸೊರ್ರೆಂದು ಸದ್ದು ಮಾಡಿ ಎಳೆದರೇ ಅಡುಗೆಯವನಿಗೆ ಮರ್ಯಾದೆ. ಇದು ನಿಜ. ಆದರೆ ಇದನ್ನೇ ಸಾಹೇಬರು ನಂಬಲಿಲ್ಲ, ಬಾಯಿ ಮುಚ್ಚಿ ನುಂಗಿದರು. ನಾನು ಲಕ್ಷ್ಮೀಪುರಂ ಮದುವೆಮನೆಯ ಪಾಯಸ ಸುರಿದ ಹಾಗೆ ಸುರಿದೆ. ಅಡುಗೆಯವನು ಓಡಿಬಂದು ನನಗೆ ಇನ್ನೊಂದು ಬಟ್ಟಲು ಕೊಟ್ಟ, ಸಾಹೇಬರಿಗೆ ಹೊಟ್ಟೆನೋವಿನ ಮಾತ್ರೆ.

೩. ಎತ್ತಿದ ಕೈ

ಮೈಸೂರಿಗೆ ಬಂದ ಮೇಲೆ ಕಚೇರಿಯಲ್ಲೊಂದು ಸಭೆ. ಸಾಹೇಬರು ಹೆಮ್ಮೆಯಿಂದ, "ನಿಮ್ಮ ಪಿಂಚಣಿ ಹಣ ಭದ್ರ. ಪಿಂಚಣಿ ನಿಧಿಯವರು ಅದನ್ನ ಸಿಗರೇಟ್ ಕಂಪನಿ ಷೇರಲ್ಲೂ ಹಾಕಿದ್ದಾರೆ, ಒಳ್ಳೇ ಲಾಭ," ಎಂದರು. ಅದೇ ಉಸಿರಲ್ಲಿ, "ಈಗ ತಂಬಾಕು ವಿರೋಧಿ ಪ್ರತಿಜ್ಞೆ. ಎಲ್ಲರೂ ಬಲಗೈ ಎತ್ತಿ," ಎಂದು ತಮ್ಮದನ್ನೂ ಎತ್ತಿದರು.

ನಾನು ಎತ್ತಲಿಲ್ಲ.

"ಯಾಕ್ರೀ, ಸೇದ್ತೀರಾ?"

"ನಾನಿಲ್ಲ ಸಾರ್. ನನ್ನ ದುಡ್ಡು ಚಟ ಕಲ್ತುಬುಟ್ಟಿದೆ."

"ಇಂಥ ಮಾತಾಡೋ ಪದ್ಧತಿ ನಮ್ಮಲ್ಲಿಲ್ಲ!"

"ಜಪಾನಲ್ಲಿ ಅವರ ಪದ್ಧತಿಗೆಲ್ಲ ಬಗ್ಗಿದೆ. ಇದಕ್ಕೆ ಬಗ್ಗಲ್ಲ ಸಾರ್. ನಮ್ಮಪ್ಪ ಬೀಡಿ ಸೇದಿ ಕೆಮ್ಮಿ ಕೆಮ್ಮಿ ಹೋದವರು. ಆ ಹೊಗೇಲೇ ನನ್ನ ಮುಪ್ಪಿನ ಗಂಜಿ ಬೇಯೋದು ಬೇಡ."

ಎತ್ತಿದ್ದ ಕೈಗಳು ಒಂದೊಂದೇ ಇಳಿದವು. ಟೈಪಿಸ್ಟ್ ಮೇಡಂ ಎದ್ದು, "ನಮ್ಮ ದುಡ್ಡು ಅಲ್ಲಿಂದ ತೆಗೀರಿ ಅಂತ ಮೇಲಕ್ಕೆ ಬರೆಯೋಣ. ಒಪ್ಪೋರು ಕೈ ಎತ್ರಪ್ಪ!" ಅಂದರು.

ಎಲ್ಲರ ಕೈಯೂ ಮೇಲೆ. ಸಾಹೇಬರೋ ಪ್ರತಿಜ್ಞೆಗೆ ಎತ್ತಿದ್ದನ್ನು ಇನ್ನೂ ಇಳಿಸಿರಲಿಲ್ಲ.

"ಸಾಹೇಬರದೂ ಸೇರಿ ಸರ್ವಾನುಮತ!" ಅಂತ ಕೂಗಿದೆ.

ಅವರು ಗಾಬರಿಯಿಂದ ಕೈ ಇಳಿಸಹೋದರು.

"ಇಳಿಸಬೇಡಿ ಸಾರ್! ಎದುರಿನವರು ನಿಲ್ಲಿಸೋವರೆಗೂ ನಾವು ನಿಲ್ಲಿಸಬಾರದು!"